ಅಪ್ಪನ ಕಡೆಯ ಖಾನೆ

ಖಾಲಿ ಜಾಗ ಕಂಡರೆ ಹರಿಣಾಕ್ಷಿಗೆ ಆಗುತ್ತಿರಲಿಲ್ಲ. ಶಾಲೆಯಲ್ಲಿ ಉತ್ತರ ಗೊತ್ತಿಲ್ಲದ ಪ್ರಶ್ನೆಗೂ ಏನಾದರೊಂದು ಬರೆದು ಬರುತ್ತಿದ್ದಳು. ಮದುವೆ ಮನೆಯ ಊಟದ ಸಾಲಿನಲ್ಲಿ ನಡುವೆ ಒಂದು ಎಲೆ ಖಾಲಿ ಉಳಿದರೆ ಅಂಗಳದಲ್ಲಿ ನಿಂತವರನ್ನು ಕೈಹಿಡಿದು ಎಳೆದು ತಂದು ಕೂರಿಸುತ್ತಿದ್ದಳು. ಅಮ್ಮ ನಾಗು ಮೀನು ಮಾರಲು ಹೊರಡುವಾಗ ಬುಟ್ಟಿಯಲ್ಲಿ ಬಂಗುಡೆಗಳನ್ನು ಎಲ್ಲೂ ಸಂದು ಬಿಡದಂತೆ ಜೋಡಿಸುತ್ತ ಕೂರುತ್ತಿದ್ದಳು.

"ಹೆಣೆ, ಅದ್ ಮೀನ್ ಮಾರುಕೆ ಹೋಪ ಬುಟ್ಟಿ, ದೇವ್ರ್ ಪೂಜಿ ತಟ್ಟಿ ಅಲ್ಲ. ಹಾಕ್ ಬೇಗ, ದೋಣಿ ಹೋತ್" ಎಂದು ನಾಗು ಗದರುತ್ತಿದ್ದಳು. ಹೊಳೆ ದಾಟಿಸುವ ದೋಣಿ ತಪ್ಪಿದರೆ ಕುಂದಾಪುರದ ಗಿರಾಕಿಗಳೂ ತಪ್ಪಿದಂತೆಯೇ.

ಮುಂದೆ ಇದೇ ಗುಣ ಹರಿಣಾಕ್ಷಿಗೆ ಅನ್ನ ಕೊಟ್ಟಿತು, ನಾಲ್ಕು ಜನರೆದುರು ಮರ್ಯಾದೆಯನ್ನೂ ಕೊಟ್ಟಿತು. ಅವಳ ತಮ್ಮ ಜಿತೇಂದ್ರನ ವಿಷಯದಲ್ಲಿ ಅದು ಏನು ಮಾಡಿತು ಎಂಬುದನ್ನು ಅವಳು ಇವತ್ತಿಗೂ ಲೆಕ್ಕ ಹಾಕುತ್ತಲೇ ಇದ್ದಾಳೆ.

ಅವಳು ಹುಟ್ಟಿ ಬೆಳೆದದ್ದು ಗಂಗೊಳ್ಳಿ ಬಂದರಿನ ಹಿಂಬದಿಯ ಹೆಂಚಿನ ಮನೆಯಲ್ಲಿ. ಅದು ನಾಗುವಿನ ತಾಯಿಯ ಮನೆ, ಅಂದರೆ ನಾಗುವಿನದೇ ಮನೆ. ಆ ಕಡೆಯ ಕಡಲ ಮಂದಿಯಲ್ಲಿ ಮಕ್ಕಳು ತಾಯಿಯ ಕುಟುಂಬಕ್ಕೆ ಸೇರುತ್ತಾರೆ. ಗಂಡ ಬರುತ್ತಾನೆ, ದುಡಿದು ಹಾಕುತ್ತಾನೆ, ಮಕ್ಕಳನ್ನು ಎತ್ತಿ ಆಡಿಸುತ್ತಾನೆ. ಆದರೆ ಅವನ ಕುಟುಂಬ ಎನ್ನುವುದು ಅವನ ತಾಯಿ, ಅಕ್ಕತಂಗಿಯರ ಮನೆಯಲ್ಲಿರುತ್ತದೆ. ಇದರಲ್ಲಿ ಅಲ್ಲಿನವರಿಗೆ ವಿಚಿತ್ರವೇನೂ ಕಾಣುವುದಿಲ್ಲ. ಹೊರಗಿನವರು ಬಂದು ವಿಚಿತ್ರ ಎಂದರೆ, ಹಾಗೆಂದವರ ಮುಖವನ್ನೇ ವಿಚಿತ್ರವಾಗಿ ನೋಡುತ್ತಾರೆ.

ಹರಿಣಾಕ್ಷಿಯ ಅಪ್ಪ ಸೋಮ ಬ್ರಹ್ಮಾವರ ಬದಿಯ ಕೋಡಿ ಕನ್ಯಾಣದವನು. ದೊಡ್ಡ ದನಿ, ಅದಕ್ಕಿಂತ ದೊಡ್ಡ ನಗು. ಬರುವಾಗ ಕೈಯಲ್ಲಿ ಕಡಲೆ ಮಿಠಾಯಿ ಇರಲೇಬೇಕು. ಹರಿಣಾಕ್ಷಿ ಇನ್ನೂ ಪ್ರಾಥಮಿಕ ಶಾಲೆಯಲ್ಲಿದ್ದಾಗ, ಜಿತೇಂದ್ರ ಅಂಬೆಗಾಲಿಡುತ್ತಿದ್ದಾಗ, ಅವನು ಮೀನುಗಾರಿಕೆಗೆ ಹೋದಲ್ಲೇ ತೀರಿಕೊಂಡ. ಹೆಣ ಗಂಗೊಳ್ಳಿಗೆ ಬರಲಿಲ್ಲ. ಪದ್ಧತಿಯಂತೆ ಅವನ ಅಕ್ಕ ಅಕ್ಕುವಿನ ಮನೆಗೆ, ಕೋಡಿ ಕನ್ಯಾಣಕ್ಕೆ ಹೋಯಿತು. ನಾಗು ಇಬ್ಬರೂ ಮಕ್ಕಳನ್ನು ಕರೆದುಕೊಂಡು ಹೋಗಿ, ಬಾಯಿಗೆ ನೀರು ಬಿಡಿಸಿ, ಸಂಜೆ ಬಸ್ಸಿಗೆ ವಾಪಸಾದಳು.

ಎಂತಕ್ಕೆ ಸತ್ತ ಎಂದು ಯಾರೂ ಕೇಳಲಿಲ್ಲ. "ದೋಣಿ ಮೇಲ್ ಹೋದ" ಎಂದರು, ಅಷ್ಟೇ. ಕಡಲಿಗೆ ಹೋದವನು ಕಡಲಿನಲ್ಲಿ ಸತ್ತರೆ ಅದಕ್ಕಿಂತ ಹೆಚ್ಚಿನ ಕಾರಣ ಯಾರಿಗೂ ಬೇಕಾಗಿರಲಿಲ್ಲ. ಆಮೇಲೆ ಆ ಮನೆಗೂ ಈ ಮನೆಗೂ ಹೋಗಿಬರುವುದು ತಾನಾಗಿ ನಿಂತಿತು. ಜಗಳವೇನೂ ಆಗಿರಲಿಲ್ಲ.

ನಾಗು ಬೆಳಗಾಗುವ ಮೊದಲೇ ಬಂದರಿಗೆ ಹೋಗುತ್ತಿದ್ದುದರಿಂದ ಜಿತೇಂದ್ರನನ್ನು ಮೀಯಿಸಿ, ತಲೆ ಬಾಚಿ, ಶಾಲೆಗೆ ಮುಟ್ಟಿಸುವ ಕೆಲಸ ಹರಿಣಾಕ್ಷಿಯ ಪಾಲಿಗೆ ಬಂತು. ಅವನೂ ಅಮ್ಮನಿಗಿಂತ ಅಕ್ಕನ ಸೆರಗನ್ನೇ ಹೆಚ್ಚು ಹಿಡಿದವನು. ದೊಡ್ಡವನಾಗಿ ಗಂಗೊಳ್ಳಿ ಬಂದರಿನಲ್ಲಿ ದೋಣಿಯ ಎಂಜಿನ್ ರಿಪೇರಿ ಕಲಿತ. ಬೈಂದೂರು ಬದಿಯ ಉಪ್ಪುಂದದ ಸ್ವಾತಿಯನ್ನು ಮದುವೆಯಾಗಿ, ಅವಳ ಮನೆಯಿಂದಲೇ ದಿನಾ ಬೈಕಿನಲ್ಲಿ ಬಂದು ಹೋಗುತ್ತಿದ್ದ. ಎರಡು ಮಕ್ಕಳು, ನವ್ಯಶ್ರೀ ಮತ್ತು ಸುಜನ್. ಮಧ್ಯಾಹ್ನದ ಊಟಕ್ಕೆ ಮಾತ್ರ ಅಕ್ಕನ ಮನೆಯೇ ಆಗಬೇಕು. ಹರಿಣಾಕ್ಷಿಯ ಗಂಡ ಶೇಖರ ಮಂಜುಗಡ್ಡೆಯ ಲಾರಿ ಓಡಿಸುವವನು; ಭಾವ ನೆಂಟ ಇಬ್ಬರೂ ಒಂದೇ ಬಟ್ಟಲಿಗೆ ಕೈ ಹಾಕಿ ಮೀನಿನ ತಲೆಗಾಗಿ ಜಗಳವಾಡುತ್ತಿದ್ದರು.

ಹರಿಣಾಕ್ಷಿ ಪಿಯುಸಿ ಮುಗಿಸಿ, ಕಂಪ್ಯೂಟರ್ ಕಲಿತು, ಕುಂದಾಪುರದ ಒಂದು ನರ್ಸಿಂಗ್ ಹೋಮಿನಲ್ಲಿ ರೋಗಿಗಳ ಕಾಗದ ಪತ್ರ ನೋಡಿಕೊಳ್ಳುವ ಕೆಲಸಕ್ಕೆ ಸೇರಿದಳು. ವರ್ಷಗಳು ಕಳೆದ ಮೇಲೆ ಹೊಸ ಯೋಜನೆಯೊಂದು ಬಂತು. ಕುಂದಾಪುರ, ಬೈಂದೂರು, ಬ್ರಹ್ಮಾವರ, ಮೂರೂ ತಾಲೂಕಿನ ಆರೋಗ್ಯ ಕೇಂದ್ರ, ಕ್ಲಿನಿಕ್ಕು, ಲ್ಯಾಬು, ಶಿಬಿರಗಳಲ್ಲಿ ಚೆಲ್ಲಾಪಿಲ್ಲಿಯಾಗಿದ್ದ ದಾಖಲೆಗಳನ್ನೆಲ್ಲ ಒಂದೇ ಅಚ್ಚಿಗೆ ತಂದು ಒಂದೆಡೆ ಸೇರಿಸುವುದು. ಒಬ್ಬ ಮನುಷ್ಯನಿಗೆ ಒಂದು ಸಂಖ್ಯೆ. ಆ ಸಂಖ್ಯೆ ಒತ್ತಿದರೆ ಅವನು ಎಲ್ಲೆಲ್ಲಿ ಏನೇನು ತೋರಿಸಿಕೊಂಡಿದ್ದಾನೋ ಅದೆಲ್ಲ ಒಂದೇ ಪುಟದಲ್ಲಿ ಬರಬೇಕು. ಕುಂದಾಪುರ ಕಚೇರಿಯ ಉಸ್ತುವಾರಿಗೆ ಹರಿಣಾಕ್ಷಿಯನ್ನು ಕರೆದರು.

ಕೇಳಲು ಸುಲಭ. ಮಾಡಲು ಕೂತಾಗ ತಲೆ ಕೆಟ್ಟು ಹೋಗುವ ಕೆಲಸ. ಸಕ್ಕರೆ ಕಾಯಿಲೆಗೆ ಒಬ್ಬ ಡಾಕ್ಟರು ಡಿ.ಎಂ. ಎಂದು ಬರೆದರೆ ಇನ್ನೊಬ್ಬರು ಶುಗರ್ ಎನ್ನುತ್ತಿದ್ದರು, ಮತ್ತೊಬ್ಬರು ಎರಡು ಪ್ಲಸ್ ಗುರುತು ಹಾಕಿ ಕೈ ತೊಳೆದುಕೊಳ್ಳುತ್ತಿದ್ದರು. ಕೊಲ್ಲಿಯಿಂದ ಬಂದವರ ರಿಪೋರ್ಟಿನಲ್ಲಿ ಸಕ್ಕರೆಯ ಅಳತೆಯೇ ಬೇರೆ. ಈಗ ಪ್ರತಿ ಕಾಯಿಲೆಗೆ ಒಂದೇ ಗುರುತು, ಪ್ರತಿ ಪರೀಕ್ಷೆಗೆ ಒಂದೇ ಅಳತೆ, ಪ್ರತಿ ಪ್ರಶ್ನೆಗೆ ಇಂತಿಷ್ಟೇ ಉತ್ತರ ಎಂದು ನಿಗದಿಯಾಯಿತು. ಯಾರು ಹೇಗೇ ಬರೆದಿರಲಿ, ಕಂಪ್ಯೂಟರಿನೊಳಗೆ ಹೋಗುವಾಗ ಆ ಅಚ್ಚಿಗೆ ಇಳಿಯಬೇಕು.

ಹರಿಣಾಕ್ಷಿ ಸೊಂಟ ಕಟ್ಟಿ ನಿಂತಳು. ಡಾಕ್ಟರುಗಳ ಕಾಗೆ ಕಾಲು ಅಕ್ಷರ ಓದುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಕೆಲಸ ನಿಜಕ್ಕೂ ಒಳ್ಳೆಯದೇ ಆಗಿತ್ತು, ಅದನ್ನು ಅಲ್ಲಗಳೆಯುವಂತಿಲ್ಲ. ಒಮ್ಮೆ ಕೆರಾಡಿಯ ಕಾಡಂಚಿನಿಂದ ಒಬ್ಬ ಬಸುರಿಯನ್ನು ಜೀಪಿನಲ್ಲಿ ಹಾಕಿಕೊಂಡು ಬರುತ್ತಿದ್ದಾಗ, ಅವಳ ರಕ್ತದ ಗುಂಪು ಅವಳಿಗಿಂತ ಮೊದಲೇ ಕುಂದಾಪುರ ತಲುಪಿ, ರಕ್ತದ ಬಾಟಲಿ ತಯಾರಾಗಿ ನಿಂತಿತ್ತು. ತಾಯಿ ಮಗು ಇಬ್ಬರೂ ಉಳಿದರು. ಆ ದಿನ ಹರಿಣಾಕ್ಷಿ ಕಚೇರಿಗೆಲ್ಲ ಗೋಳಿಬಜೆ ತರಿಸಿದಳು.

ತೊಡಕಾದದ್ದು ಒಂದೇ ಒಂದು ಕಡೆ. ತಾಯಿಯ ಕಡೆ ಯಾರಿಗಾದರೂ ಹೃದಯದ ಕಾಯಿಲೆ ಇತ್ತೇ, ತಂದೆಯ ಕಡೆ ಯಾರಿಗಾದರೂ ಇತ್ತೇ ಎಂದು ಪುಟದಲ್ಲಿ ಎರಡು ಖಾನೆಗಳಿದ್ದವು. ಉತ್ತರ ಮೂರರಲ್ಲಿ ಒಂದಾಗಬೇಕು: ಇದೆ, ಇಲ್ಲ, ಗೊತ್ತಿಲ್ಲ. ತಾಯಿಯ ಕಡೆಯದನ್ನು ಜನ ಅಜ್ಜಿಯ ಅಜ್ಜಿಯವರೆಗೆ ಹೇಳುತ್ತಿದ್ದರು. ಅಪ್ಪನ ಕಡೆಯ ಖಾನೆಯಲ್ಲಿ ಮಾತ್ರ ಶಿಬಿರದ ಹಾಳೆಗಳಲ್ಲಿ, ಆಶಾ ಕಾರ್ಯಕರ್ತೆಯರ ಹಾಳೆಗಳಲ್ಲಿ, ಎಲ್ಲಿ ನೋಡಿದರೂ ಬರೀ ಒಂದು ಗೆರೆ. ಅಡ್ಡ ಗೆರೆ ಎಳೆದು ಮುಂದಕ್ಕೆ ಹೋಗಿಬಿಟ್ಟಿದ್ದರು. ಗೆರೆಯನ್ನೆಲ್ಲ "ಗೊತ್ತಿಲ್ಲ" ಎಂದು ಹಾಕಿದ್ದರಿಂದ ಕುಂದಾಪುರದ ಮಾಸಿಕ ವರದಿ ಅಪೂರ್ಣವೆಂದು ಪರದೆಯ ಮೇಲೆ ಕೆಂಪಾಗಿ ನಿಂತಿತು.

ಯೋಜನೆಯ ಮೇಲ್ವಿಚಾರಕರು ಚೆನ್ನಯ್ಯ ಡಾಕ್ಟರು. ಸರ್ಕಾರಿ ಸೇವೆಯಿಂದ ನಿವೃತ್ತರಾಗಿ ಬ್ರಹ್ಮಾವರದಲ್ಲಿ ನೆಲೆಸಿದ್ದ ಮೃದು ಮಾತಿನ ಮನುಷ್ಯ. ಅಲ್ಲೇ ಅವರು ಸಭೆ ಕರೆದರು. "ಇಷ್ಟು ಕೆಂಪು ಯಾಕೆ?" ಎಂದು ಕೇಳಿದರು.

ಹರಿಣಾಕ್ಷಿ ಎದ್ದು ನಿಂತು, ಗೆರೆ ಇದ್ದಲ್ಲಿ "ಇಲ್ಲ" ಎಂದು ತೆಗೆದುಕೊಳ್ಳೋಣ ಎಂದಳು. ಹಿಂದಿನ ಬೆಂಚಿನಿಂದ ಉಪ್ಪುಂದದ ಆಶಾ ಕಾರ್ಯಕರ್ತೆ ರತ್ನ ಬಾಯಿ ಹಾಕಿದಳು.

"ಮೇಡಂ, ನಮ್ ಬದಿಯವ್ರ್ ಅಪ್ಪನ್ ಕಡೆದ್ ಹೇಳುದಿಲ್ಲೆ ಅಂದ್ರೆ ಕಾಯ್ಲಿ ಇಲ್ಲೆ ಅಂದೇಳಿ ಅಲ್ಲ. ಅವ್ರಿಗ್ ಗೊತ್ತೇ ಇಲ್ಲೆ. ಅದ್ಕೇ ನಾನ್ ಗೆರಿ ಎಳುದ್."

"ರತ್ನಕ್ಕ, ಇದ್ದಿದ್ರೆ ಹೇಳ್ದೆ ಇರ್ತಿದ್ರಾ?" ಎಂದಳು ಹರಿಣಾಕ್ಷಿ. "ಹಾರ್ಟಿನ್ ಕಾಯ್ಲಿ ಎಂತ ಬಚ್ಚಿಟ್ಕಂಬ ಸಂಗ್ತಿಯಾ? ನಿಮ್ ಗೆರಿ ನಂಬ್ಕಂಡ್ ಕೂತ್ರೆ ಈ ಖಾನಿ ನಾವ್ ಸಾಯೂವರಿಗೂ ತುಂಬುದಿಲ್ಲೆ."

ಎಲ್ಲರೂ ನಕ್ಕರು. ರತ್ನಳೂ ಸೆರಗು ಬಾಯಿಗೆ ಒತ್ತಿ ನಕ್ಕಳು. ಚೆನ್ನಯ್ಯ ಡಾಕ್ಟರು ಸ್ವಲ್ಪ ಹೊತ್ತು ಕನ್ನಡಕ ಒರೆಸಿ, ಆಗಲಿ ಎಂದರು. ಅಂದಿನಿಂದ ಗೆರೆ ಕಂಡಲ್ಲೆಲ್ಲ ಕಂಪ್ಯೂಟರ್ ತಾನಾಗಿ "ಇಲ್ಲ" ಎಂದು ಹಾಕಿಕೊಳ್ಳುವಂತೆ ನಿಯಮವಾಯಿತು. ಮುಂದಿನ ತಿಂಗಳು ಕುಂದಾಪುರ ಹಸಿರಾಯಿತು. ಉಳಿದವರೂ ಕುಂದಾಪುರವನ್ನು ನೋಡಿ ಕಲಿಯಿರಿ ಎಂದು ಮೇಲಿನವರು ಹೇಳಿದರು.

ಆ ದಿನಗಳಲ್ಲಿ ಅವಳು ಜಿತೇಂದ್ರನ ಪುಟವನ್ನೂ ಒಮ್ಮೆ ತೆರೆದು ನೋಡಿದ್ದಳು. ಉಪ್ಪುಂದದ ಶಿಬಿರದಲ್ಲಿ ಬರೆಸಿದ್ದು, ಗಂಗೊಳ್ಳಿಯಲ್ಲಿ ರಕ್ತ ಕೊಟ್ಟದ್ದು, ಎರಡೂ ಒಂದಾಗಿ ಚೊಕ್ಕಟವಾಗಿ ಕೂತಿದ್ದವು. ಅಪ್ಪನ ಕಡೆ ಹೃದಯದ ಕಾಯಿಲೆ: ಇಲ್ಲ. ಅದನ್ನು ಓದಿದಳು, ಮುಂದೆ ಹೋದಳು. ಅವನ ಅಪ್ಪ ತನ್ನ ಅಪ್ಪನೇ, ಆ ಅಪ್ಪ ಎಂತಕ್ಕೆ ಸತ್ತ ಎಂದು ತನಗೇ ಗೊತ್ತಿಲ್ಲ ಎಂಬುದು ಆ ಕ್ಷಣದಲ್ಲಿ ಹೊಳೆಯಲೇ ಇಲ್ಲ. ಖಾನೆ ತುಂಬಿತ್ತಲ್ಲ, ಅವಳಿಗೆ ಅಷ್ಟು ಸಾಕಿತ್ತು.

ಕಳೆದ ವರ್ಷ ಮಳೆಗಾಲದ ರಜೆ ಮುಗಿದು ದೋಣಿಗಳು ಮತ್ತೆ ಕಡಲಿಗಿಳಿಯುವ ಹೊತ್ತು. ಎಂಜಿನ್ ಮೇಸ್ತ್ರಿಗಳಿಗೆ ಉಸಿರಾಡಲೂ ಪುರುಸೊತ್ತಿಲ್ಲ. ಜಿತೇಂದ್ರ ಒಂದು ಬಿಡಿಭಾಗ ಮಾಡಿಸಲು ಬ್ರಹ್ಮಾವರದ ಲೇತ್ ಅಂಗಡಿಗೆ ಹೋದವನು ಅಲ್ಲೇ ಎದೆ ಹಿಡಿದುಕೊಂಡು ಕೂತ. ಅಂಗಡಿಯವರು ಹತ್ತಿರದ ಆಸ್ಪತ್ರೆಗೆ ಕರೆದುಕೊಂಡು ಹೋದರು. ಮಧ್ಯಾಹ್ನದ ಹೊತ್ತಿಗೆ ಅವನದೇ ಫೋನು ಬಂತು.

"ಅಕ್ಕ, ನೀ ಮಾಡಿದ್ ಕೆಲ್ಸ ಇವತ್ ಕಣ್ಣಾರೆ ಕಂಡೆ ಮಾರಾಯ್ತಿ. ನನ್ ನಂಬರ್ ಒತ್ತಿದ್ದೇ ತಡ, ಪೂರಾ ಜಾತಕ ಬಂತ್. ಡಾಕ್ಟ್ರ್ ನನ್ಹತ್ರ ಒಂದೂ ಪ್ರಶ್ನಿ ಕೇಣ್ಲಿಲ್ಲೆ."

"ಎದಿನೋವ್ ಎಂತದಂಬ್ರ್?"

"ಈಸಿಜಿ ಸಮ ಇತ್ತಂಬ್ರ್. ಪ್ರಾಯ ಸಣ್ಣದ್, ಶುಗರ್ ಇಲ್ಲೆ, ಬೀಪಿ ಇಲ್ಲೆ, ಮನಿಯಗ್ ಯಾರಿಗೂ ಇಲ್ಲೆ. ಗ್ಯಾಸ್ ಅಂದ್ರ್. ಮತ್ತೆ ಬಂದ್ರೆ ದೊಡ್ಡ ಟೆಸ್ಟ್ ಮಾಡ್ವ ಅಂದ್ರ್. ಸೂಜಿ ಹಾಕ್ರ್, ಈಗ ಅಡ್ಡಿಲ್ಲೆ."

"ಒಂದೂ ಕೇಣ್ಲಿಲ್ಯಾ?" ಎಂದು ಹರಿಣಾಕ್ಷಿ ಮತ್ತೊಮ್ಮೆ ಕೇಳಿದಳು. ಕಾಳಜಿಯಿಂದಲ್ಲ. ಕಚೇರಿಯ ಹುಡುಗಿಯರಿಗೂ ಕೇಳಿಸಲಿ ಎಂದು ಫೋನಿನ ದನಿ ಹೆಚ್ಚಿಸಿ, ಹೆಮ್ಮೆಯಿಂದ ಮತ್ತೊಮ್ಮೆ ಹೇಳಿಸಿಕೊಂಡಳು.

"ಒಂದೂ ಇಲ್ಲೆ ಅಕ್ಕ" ಎಂದು ಅವನು ನಕ್ಕ.

ಆ ವಾರ ಮುಗಿಯುವುದರೊಳಗೆ, ಒಂದು ಬೆಳಿಗ್ಗೆ, ಗಂಗೊಳ್ಳಿ ಬಂದರಿನಲ್ಲಿ ದೋಣಿಯ ಎಂಜಿನ್ ಮೇಲೆ ಬಗ್ಗಿದ್ದ ಜಿತೇಂದ್ರ ಹಾಗೆಯೇ ಮುಂದಕ್ಕೆ ಬಿದ್ದ. ಆಸ್ಪತ್ರೆ ಮುಟ್ಟುವವರೆಗೂ ಉಳಿಯಲಿಲ್ಲ. ಅವನಿಗಿನ್ನೂ ನಲವತ್ತು ತುಂಬಿರಲಿಲ್ಲ.

ಹೆಣವನ್ನು ತಾಯಿಯ ಮನೆಗೇ ತಂದರು, ಪದ್ಧತಿ ಇದ್ದಂತೆ. ಉಪ್ಪುಂದದಿಂದ ಸ್ವಾತಿ ಮಕ್ಕಳನ್ನು ಕರೆದುಕೊಂಡು ಬಂದಳು. ಹರಿಣಾಕ್ಷಿ ಸುಜನನ ಕೈ ಹಿಡಿದು ಅಪ್ಪನ ಬಾಯಿಗೆ ನೀರು ಬಿಡಿಸುವಾಗ, ಕೋಡಿ ಕನ್ಯಾಣದ ಅಂಗಳದಲ್ಲಿ ತನ್ನ ಕೈಯನ್ನು ಯಾರೋ ಹೀಗೆಯೇ ಹಿಡಿದಿದ್ದರು ಎಂಬುದು ನೆನಪಿಗೆ ಬಂತು. ಸಂಜೆ ಸ್ವಾತಿಯ ಮನೆಯವರು ಅವಳನ್ನೂ ಮಕ್ಕಳನ್ನೂ ರಿಕ್ಷಾದಲ್ಲಿ ಕೂರಿಸಿಕೊಂಡು ಹೋದರು. ನಾಗು ಜಗಲಿಯ ಕಂಬಕ್ಕೆ ಒರಗಿ, ರಿಕ್ಷಾ ತಿರುಗಿ ಮರೆಯಾಗುವವರೆಗೂ ನೋಡಿದಳು.

ಹನ್ನೊಂದು, ಹದಿಮೂರು ಎಲ್ಲ ಕಳೆದು ಕಚೇರಿಗೆ ಹೋದ ದಿನ ಹರಿಣಾಕ್ಷಿ ಮೊದಲು ಮಾಡಿದ ಕೆಲಸ ತಮ್ಮನ ಪುಟ ತೆರೆದದ್ದು. ಬ್ರಹ್ಮಾವರದಲ್ಲಿ ಅದನ್ನು ನೋಡಿದ್ದರು ಎಂಬ ಗುರುತಿತ್ತು. ಡಾಕ್ಟರು ಓದಿದ್ದನ್ನೆಲ್ಲ ಅವಳೂ ಒಂದೊಂದಾಗಿ ಓದಿದಳು. ಅಪ್ಪನ ಕಡೆಯ ಖಾನೆಗೆ ಬಂದು ನಿಂತಳು. ಈ "ಇಲ್ಲ" ಎನ್ನುವುದನ್ನು ಯಾರು ಹೇಳಿದ್ದು? ಜಿತೇಂದ್ರ ಹೇಳಿರಲಿಲ್ಲ. ಅವನಿಗೆ ಅಪ್ಪನ ಮುಖವೇ ನೆನಪಿರಲಿಲ್ಲ. ಮೂಲ ಹಾಳೆಯ ಚಿತ್ರ ತೆಗೆದು ನೋಡಿದಳು. ರತ್ನಳ ಕೈಯ ಗೆರೆ ಇತ್ತು.

ಮನೆಗೆ ಬಂದು ಅಮ್ಮನನ್ನು ಕೇಳಿದಳು. "ಅಮ್ಮ, ಅಪ್ಪಯ್ಯ ಎಂತ ಆಯಿ ಸತ್ತದ್ದ್?"

"ದೋಣಿ ಮೇಲ್ ಹೋದ್ರ್."

"ಅದ್ ಗೊತ್ತಿತ್ತ್. ಎಂತ ಆಯಿ?"

"ಅವ್ರ್ ಮನಿಯವ್ರಿಗ್ ಗೊತ್ತ್" ಎಂದಳು ನಾಗು. "ನಾ ಕೇಣ್ಲಿಲ್ಲೆ. ಅವ್ರ್ ಅಕ್ಕ ಬೊಬ್ಬಿ ಹಾಕಿ ಮರ್ಕುವತಿಗೆ ನಾ ಹೋಯಿ ಎಂತ ಕೇಂಬುದ್? ಆಮೇಲ್ ಕೇಂಬುಕೆ ನಾ ಯಾರ್?"

ಹರಿಣಾಕ್ಷಿ ಆ ಭಾನುವಾರ ಕೋಡಿ ಕನ್ಯಾಣಕ್ಕೆ ಹೊರಟಳು. ಸಾಸ್ತಾನದಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿಯಬೇಕು. ಸಭೆಗೆಂದು ಬ್ರಹ್ಮಾವರಕ್ಕೆ ಹೋಗುವಾಗಲೆಲ್ಲ ಅವಳ ಬಸ್ಸು ಅದೇ ಸಾಸ್ತಾನದಲ್ಲಿ ನಿಂತು ಹೋಗುತ್ತಿತ್ತು. ಒಂದು ಸಲವೂ ಇಳಿದಿರಲಿಲ್ಲ. ಇಳಿಯಬೇಕೆಂದು ಅನಿಸಿಯೂ ಇರಲಿಲ್ಲ.

ಅಕ್ಕು ಅತ್ತೆ ಅಂಗಳದಲ್ಲಿ ಒಣಮೀನಿಗೆ ಕಾವಲು ಕೂತಿದ್ದಳು. ಮುದುಕಿಯಾಗಿದ್ದರೂ ಕಣ್ಣು ಚುರುಕು.

"ಸೋಮನ್ ಮಗ್ಳಲ್ದಾ? ನಡಿಗಿ ಕಂಡೇ ಗೊತ್ತಾಯ್ತ್. ಬಾ, ಕೂಕೋ. ಜಿತೇಂದ್ರನ್ ಸುದ್ದಿ ನಮ್ಗ್ ತಡ ಆಯಿ ಸಿಕ್ಕಿತ್ ಮಗಾ." ಹೇಳುತ್ತಲೇ ಅವಳಿಗೆ ಅಳು ಬಂತು. ತನ್ನ ತಮ್ಮನಿಗೆ ಅತ್ತಳೋ, ಇವಳ ತಮ್ಮನಿಗೆ ಅತ್ತಳೋ, ಇಬ್ಬರೂ ಅತ್ತರು.

ಚಹಾ ಕುಡಿದ ಮೇಲೆ ಹರಿಣಾಕ್ಷಿ ಕೇಳಿಯೇಬಿಟ್ಟಳು. ಅಕ್ಕು ಒಂದು ಕ್ಷಣವೂ ಯೋಚಿಸಲಿಲ್ಲ.

"ನಿನ್ನಪ್ಪಯ್ಯ ಬಲಿ ಎಳೂವತಿಗೆ ಎದಿ ಹಿಡ್ಕಂಡ್ ಕೂತ, ಮತ್ತೆ ಏಳ್ಲಿಲ್ಲೆ. ಇನ್ನೊಬ್ಬ ತಮ್ಮ ಕುಷ್ಟ ಮದಿ ಮನಿ ಊಟಕ್ಕ್ ಕೂತಲ್ಲೇ ಹೋದ. ಸೂರ ಬಸ್ಸಿಗ್ ಕಾಯ್ತಾ ನಿಂತಲ್ಲೇ. ನನ್ ಮೂರೂ ತಮ್ಮಂದ್ರ್ ಹಾಂಗೇ ಹೋದ್ದ್. ನಮ್ ಮನಿ ಗಂಡ್ಸ್ರಿಗ್ ಎದಿನೋವ್ ಅಂದ್ರೆ ನಾವ್ ಗ್ಯಾಸ್ ಅಂದೇಳಿ ಸುಮ್ನೆ ಕೂಕಂಬುದಿಲ್ಲೆ. ನನ್ ಮಕ್ಕಳಿಬ್ರನ್ನೂ ವರ್ಷ ವರ್ಷ ತೋರ್ಸ್ತೆ. ದೊಡ್ಡವ್ನಿಗೆ ರಕ್ತನಾಳ ಕಟ್ಟಿದ್ದ್ ಹಾಂಗೇ ಸಿಕ್ಕಿತ್. ಈಗ ಗಟ್ಟಿ ಇದ್ದ."

"ಅದನ್ನೆಲ್ಲ ಬರ್ಸಿದ್ರ್ಯಾ ಅತ್ತೆ? ಆಸ್ಪತ್ರಿ ಕಂಪ್ಯೂಟರಿಗೆ?"

"ಬರ್ಸ್ದೆ ಇರ್ತ್ನಾ? ಆಶಾದವ್ಳ್ ಬಂದಾಗ ಮೂರೂ ಜನರ್ ಹೆಸ್ರ್ ಹೇಳಿ ಬರ್ಸಿದೆ."

ಹರಿಣಾಕ್ಷಿ ಲೋಟ ಕೆಳಗಿಟ್ಟಳು. ಅತ್ತೆಯ ಮಕ್ಕಳಿಗೆ ಮೂವರು ಸೋದರಮಾವಂದಿರು, ಮೂವರಿಗೂ ಹೃದಯದ ಕಾಯಿಲೆ. ಆ ಮಕ್ಕಳ ಪುಟದಲ್ಲಿ, ತಾಯಿಯ ಕಡೆಯ ಖಾನೆಯಲ್ಲಿ, ಸೋಮನ ಸಾವು ಸರಿಯಾಗಿಯೇ ದಾಖಲಾಗಿತ್ತು. ಅವಳದೇ ಯೋಜನೆಯ ಅದೇ ಕಂಪ್ಯೂಟರಿನೊಳಗೆ ಅದು ಇಷ್ಟು ದಿನವೂ ಇತ್ತು. ಸೋಮನ ಸ್ವಂತ ಮಕ್ಕಳ ಪುಟದಲ್ಲಿ ಮಾತ್ರ ಇರಲಿಲ್ಲ. ಮೂರು ತಾಲೂಕಿನ ಆಸ್ಪತ್ರೆಗಳನ್ನು ಜೋಡಿಸಿದವಳು ಎರಡು ಮನೆಗಳ ನಡುವಿನ ಒಂದು ಬಸ್ಸು ಹತ್ತಿರಲಿಲ್ಲ. ತನ್ನ ಮೇಲೆಯೇ ಅವಳಿಗೆ ಹೇಸಿಗೆಯಾಯಿತು.

"ನಾವಿಬ್ರೂ ಒಂದಿನಾ ಬರ್ಲಿಲ್ಲೆ ಅತ್ತೆ" ಎಂದಳು.

"ನಾವೂ ಕರೀಲಿಲ್ಲೆ" ಎಂದಳು ಅಕ್ಕು. "ಹಾಂಗೇ ನಡ್ಕಂಡ್ ಬಂದದ್ ಅಲ್ದಾ ಹೆಣೆ? ಯಾರಿಗ್ ಬೈಯುದ್?"

ಮರುದಿನ ಹರಿಣಾಕ್ಷಿ ಚೆನ್ನಯ್ಯ ಡಾಕ್ಟರ ಎದುರು ಕೂತು ಎಲ್ಲವನ್ನೂ ಹೇಳಿದಳು. ಅವರು ಮಧ್ಯೆ ಬಾಯಿ ಹಾಕದೆ ಕೇಳಿಸಿಕೊಂಡರು.

"ಈಸಿಜಿ ಸರಿ ಇದ್ದರೂ ಅವನನ್ನು ಒಂದು ದಿನ ಇಟ್ಟುಕೊಂಡು ನೋಡಬಹುದಿತ್ತು. ಆ ಡಾಕ್ಟರು ಬಾಯಿಬಿಟ್ಟು ಕೇಳಬೇಕಿತ್ತು. ಪರದೆ ನೋಡಿ ಮನುಷ್ಯನನ್ನು ನೋಡದಿದ್ದರೆ ಅದು ಖಾನೆಯ ತಪ್ಪಲ್ಲಮ್ಮ. ಅದೂ ಅಲ್ಲದೆ, ಅಂದು ಆಗಲಿ ಎಂದವನು ನಾನು."

ಅವರು ಹೇಳಿದ್ದು ನ್ಯಾಯವೇ. ಆದರೆ ನ್ಯಾಯದಿಂದ ಅವಳಿಗೆ ಸಮಾಧಾನವಾಗಲಿಲ್ಲ. ತಪ್ಪು ತನ್ನದೇ ಎಂದು ಯಾರಾದರೂ ಬೈದಿದ್ದರೆ ಅತ್ತು ಹಗುರಾಗುತ್ತಿದ್ದಳೋ ಏನೋ. ಯಾರೂ ಬೈಯಲಿಲ್ಲ.

ನಿಯಮವನ್ನು ಅಂದೇ ಬದಲಿಸಿದರು. ಇನ್ನು ಮುಂದೆ ಗೆರೆ ಇದ್ದಲ್ಲಿ "ಗೊತ್ತಿಲ್ಲ" ಎಂದೇ ಬೀಳುತ್ತದೆ. ಆದರೆ ಹಿಂದಿನದು? ನಿಜವಾಗಿ ಕೇಳಿ ತಿಳಿದು ಹಾಕಿದ "ಇಲ್ಲ" ಯಾವುದು, ಗೆರೆಯಿಂದ ಹುಟ್ಟಿದ "ಇಲ್ಲ" ಯಾವುದು ಎಂದು ಕಂಪ್ಯೂಟರಿಗೆ ಗೊತ್ತಿರಲಿಲ್ಲ. ಎರಡೂ ಒಂದೇ ಅಚ್ಚಿನಲ್ಲಿ, ಒಂದೇ ಬಣ್ಣದಲ್ಲಿ ಕೂತಿದ್ದವು. ಕೆಲವು ಹಾಳೆಗಳ ಚಿತ್ರ ಮಾತ್ರ ಉಳಿದಿತ್ತು. ಉಳಿದ ಹಾಳೆಗಳು ಬಂದ ಕ್ಲಿನಿಕ್ಕುಗಳಿಗೇ ವಾಪಸಾಗಿ, ಕೆಲವು ಗುಜರಿಗೆ, ಕೆಲವು ಗೆದ್ದಲಿಗೆ ಹೋಗಿದ್ದವು. ಮತ್ತೆ ಮನೆ ಮನೆ ಸುತ್ತಿ ಕೇಳಬೇಕೆಂದರೆ ವರ್ಷಗಳೇ ಬೇಕು. ಚಿತ್ರ ಇದ್ದವುಗಳನ್ನು ಹರಿಣಾಕ್ಷಿ ಊಟದ ಹೊತ್ತಿನಲ್ಲಿ ಕೂತು ಒಂದೊಂದಾಗಿ ತಿದ್ದುತ್ತ ಹೋದಳು. ಪರದೆ ಮತ್ತೆ ಕೆಂಪಾಯಿತು.

ಹಾಗೆ ತಿದ್ದುತ್ತಿದ್ದಾಗ ಉಪ್ಪುಂದದ ಹಾಳೆಗಳ ನಡುವೆ ನವ್ಯಶ್ರೀಯ ಹೆಸರು ಬಂತು, ಕೆಳಗೆ ಸುಜನನದು. ಜಿತೇಂದ್ರ ಹೋದ ಮೇಲೆ, ನಿಯಮ ಬದಲಾಗುವ ಮೊದಲು, ಶಾಲೆಯ ಆರೋಗ್ಯ ತಪಾಸಣೆಗೆಂದು ಬರೆಸಿದ್ದು. ತಾಯಿಯ ಕಡೆ ಹೃದಯದ ಕಾಯಿಲೆ: ಇಲ್ಲ. ತಂದೆಯ ಕಡೆ ಹೃದಯದ ಕಾಯಿಲೆ: ಇಲ್ಲ.

ಹರಿಣಾಕ್ಷಿ ಬಾಯಿಗೆ ಕೈ ಅಡ್ಡ ಹಿಡಿದು ಎದ್ದು ಹೊರಗೆ ಹೋದಳು. ತನ್ನ ತಮ್ಮ ಎದೆನೋವು ಬಂದ ವಾರದಲ್ಲೇ ಸತ್ತು ಇನ್ನೂ ತಿಂಗಳು ತುಂಬಿರಲಿಲ್ಲ. ಅವನ ಮಕ್ಕಳ ಪುಟದಲ್ಲಿ ಅವನಿಗೆ ಏನೂ ಆಗಿರಲೇ ಇಲ್ಲ. ಅಪ್ಪನ ಸಾವನ್ನು ಮಕ್ಕಳ ಪುಟದಿಂದ ಅಳಿಸಿದ್ದು ಅವಳೇ ನಗುನಗುತ್ತ ಹೇಳಿ ಮಾಡಿಸಿದ ನಿಯಮ.

ಉಪ್ಪುಂದಕ್ಕೆ ಹೋದಾಗ ಸ್ವಾತಿ ಆಗಷ್ಟೇ ಗೇರುಬೀಜದ ಕಾರ್ಖಾನೆಯಿಂದ ಬಂದಿದ್ದಳು. ಬೀಜದ ಎಣ್ಣೆಗೆ ಬೆರಳೆಲ್ಲ ಕಪ್ಪಾಗಿದ್ದವು. ಬರುವಾಗ ತಂದ ಕಡಲೆ ಮಿಠಾಯಿಯನ್ನು ಮಕ್ಕಳ ಕೈಗೆ ಕೊಟ್ಟು ಹರಿಣಾಕ್ಷಿ ಜಗಲಿಯಲ್ಲಿ ಕೂತಳು.

"ರತ್ನಕ್ಕ ಬಂದಿದ್ರ್ ಅತ್ತಿಗೆ" ಎಂದಳು ಸ್ವಾತಿ, ಕೇಳಿದ್ದಕ್ಕೆ. "ನಮ್ ಕುಟುಂಬದಗೆ ಯಾರಿಗೂ ಎದಿ ಕಾಯ್ಲಿ ಇಲ್ಲೆ ಅಂದೆ. ಮಕ್ಕಳ್ ಅಪ್ಪನ್ ಬದಿದ್ ಕೇಂಡ್ರ್. ಇವ್ರಿಗ್ ಡಾಕ್ಟ್ರ್ ಗ್ಯಾಸ್ ಅಂದೇಳಿ ಹೇಳಿದ್ರಲ್ದಾ? ನಂಗೆಂತ ಗೊತ್ತ್? ಗೊತ್ತಿಲ್ಲೆ ಅಂದೆ. ಅವ್ರ್ ಗೆರಿ ಎಳ್ದ್ ಹೋದ್ರ್."

ಹರಿಣಾಕ್ಷಿ ಎಲ್ಲವನ್ನೂ ಹೇಳಿದಳು. ಸೋಮ, ಕುಷ್ಟ, ಸೂರ. ಅತ್ತೆಯ ಮಗನ ಚಿಕಿತ್ಸೆ. ಸಭೆ, ಗೆರೆ, ತಾನು ಮಾಡಿಸಿದ ನಿಯಮ. ಸ್ವಾತಿ ಕಪ್ಪಾದ ಬೆರಳುಗಳನ್ನು ಸೆರಗಿಗೆ ಒರೆಸುತ್ತಲೇ ಇದ್ದಳು. ಆ ಕಪ್ಪು ಒರೆಸಿದರೆ ಹೋಗುವಂಥದ್ದಲ್ಲ.

"ಮೊದ್ಲೇ ಗೊತ್ತಿದ್ದಿದ್ರೆ ಇವ್ರ್ ಉಳೀತಿದ್ರಾ ಅತ್ತಿಗೆ?"

ಗೊತ್ತಿಲ್ಲದ ಪ್ರಶ್ನೆಗೂ ಏನಾದರೊಂದು ಬರೆದು ಬರುತ್ತಿದ್ದವಳು ಈ ಸಲ ಹಾಗೆ ಮಾಡಲಿಲ್ಲ.

"ಗೊತ್ತಿಲ್ಲೆ ಸ್ವಾತಿ" ಎಂದಳು.

ಆಮೇಲೆ ಸ್ವಾತಿಯೇ, ಮಕ್ಕಳನ್ನು ಯಾವತ್ತು ತೋರಿಸಲು ಹೋಗುವುದು ಎಂದು ಕೇಳಿದಳು. ಹರಿಣಾಕ್ಷಿ ತಾನೇ ಬಂದು ಕರೆದುಕೊಂಡು ಹೋಗುತ್ತೇನೆ ಎಂದಳು. ಅಳಿಯಸಂತಾನದ ಲೆಕ್ಕದಲ್ಲಿ ಈ ಮಕ್ಕಳು ಅವಳ ಕುಟುಂಬವಲ್ಲ. ಆ ಲೆಕ್ಕ ತಪ್ಪು ಎಂದು ಅವಳು ಹೇಳಲಾರಳು, ಅದರಲ್ಲೇ ಹುಟ್ಟಿ ಬೆಳೆದವಳು. ಆದರೆ ರಕ್ತಕ್ಕೆ ಆ ಲೆಕ್ಕ ಗೊತ್ತಿರಲಿಲ್ಲ.

ಬ್ಯಾಗಿನಿಂದ ಲ್ಯಾಪ್‌ಟಾಪ್ ತೆಗೆದು ಜಗಲಿಯಲ್ಲೇ ನವ್ಯಶ್ರೀಯ ಪುಟ ತೆರೆದಳು. ಅಪ್ಪನ ಕಡೆಯ ಖಾನೆಯಲ್ಲಿ "ಇದೆ" ಎಂದು ಒತ್ತಿದಳು. ಯಾರಿಗೆ ಎಂದು ಪುಟ ಕೇಳಿತು. ಜಿತೇಂದ್ರ, ತಂದೆ ಎಂದು ಬರೆಯುವಾಗ ಅಕ್ಷರಗಳು ಕಾಣದಾದವು. ಸೆರಗಿನಿಂದ ಕಣ್ಣೊರೆಸಿಕೊಂಡು ಸೋಮ, ತಂದೆಯ ತಂದೆ ಎಂದು ಸೇರಿಸಿದಳು. ಆಮೇಲೆ ಕುಷ್ಟ, ಸೂರ. ಸುಜನನ ಪುಟದಲ್ಲೂ ಹಾಗೆಯೇ ಬರೆದಳು.

ಪಕ್ಕದಲ್ಲಿ ಕೂತು ನೋಡುತ್ತಿದ್ದ ನವ್ಯಶ್ರೀ ಆ ಹೆಸರುಗಳನ್ನು ಒಂದೊಂದಾಗಿ ಓದಿದಳು. ಯಾರು ಇವರೆಲ್ಲ ಎಂದು ಕೇಳಿದಳು. ಹರಿಣಾಕ್ಷಿ ಹೇಳಿದಳು, ಆ ದೊಡ್ಡ ನಗುವಿನವನ ಸುದ್ದಿಯನ್ನೂ ಹೇಳಿದಳು. ಬರುವ ಭಾನುವಾರ ಕೋಡಿ ಕನ್ಯಾಣಕ್ಕೆ ಹೋಗುವ, ಅಲ್ಲಿ ಒಬ್ಬ ಅಜ್ಜಿ ಇದ್ದಾಳೆ ಎಂದಳು.

ಹುಡುಗಿ ಬಾಯಲ್ಲಿದ್ದ ಮಿಠಾಯಿ ನುಂಗಿ ಕೇಳಿದಳು. "ಅತ್ತೆ, ಡಾಕ್ಟ್ರ್ ಕೇಂಡ್ರೆ ಇವ್ರ್ ಹೆಸ್ರೆಲ್ಲ ನಾನೇ ಹೇಳ್ಕಾ? ಕಂಪ್ಯೂಟರಗೆ ಬರ್ದದ್ದ್ ಇತ್ತಲ್ದಾ?"

ಹರಿಣಾಕ್ಷಿ ಅವಳ ತಲೆ ಸವರಿದಳು. ಜಿತೇಂದ್ರನ ಕೂದಲು ಹೀಗೆಯೇ ಗುಂಗುರು, ಬಾಚಲು ಸಾಕು ಸಾಕಾಗುತ್ತಿತ್ತು.

"ಅವ್ರ್ ಕೇಂಡ್ರೂ ಹೇಳ್, ಕೇಣದಿದ್ರೂ ಹೇಳ್" ಎಂದಳು. "ಒಂದೂ ಕೇಣದಿದ್ರೆ, ನೀವ್ ಒಂದೂ ಕೇಣ್ಲಿಲ್ಲೆ ಅಂದೇಳಿ ಮೊದ್ಲ್ ಅದ್ನೇ ಹೇಳ್."